ಕೇರಿಯಾಚೆಗೂ ಒಂದು ಕೇರಿ

(ವಿದ್ಯಾರ್ಥಿ ನಿಲಯದ ಸಭೆಯೊಂದರಲ್ಲಿ ಆಡಿದ ಮಾತು. ಆದಷ್ಟೂ ಆಡಿದ ಹಾಗೆಯೇ ಬರೆದುಕೊಟ್ಟಿದ್ದೇವೆ.)



ನಮ್ಮಂಥವರನ್ನು ಸಭೆಗೆ ಕರೆಯುವುದು ಈಗೀಗ ಶುರುವಾಗಿದೆ. ಕರೆದವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ‘ನಿಮಗೆ ಯಾವಾಗಿನಿಂದ ಹೀಗೆ?’ ಅನ್ನೋದು ಒಂದು. ‘ಆಪರೇಷನ್ ಆಗಿದೆಯಾ?’ ಅನ್ನೋದು ಇನ್ನೊಂದು. ಒಬ್ಬ ದಲಿತನನ್ನು ಸಭೆಗೆ ಕರೆದು ‘ನಿಮಗೆ ಯಾವಾಗಿನಿಂದ ಈ ಜಾತಿ?’ ಅಂತ ಯಾರಾದರೂ ಕೇಳುತ್ತಾರೇನು? ಆ ಪ್ರಶ್ನೆಗಳನ್ನು ಇವತ್ತು ಬದಿಗಿಡೋಣ. ನೀರು ಎಲ್ಲಿಂದ ತರುತ್ತೇವೆ, ಯಾವ ಸಾಲಿನಲ್ಲಿ ನಿಂತು ಕೂಲಿ ಮಾಡುತ್ತೇವೆ, ರಾತ್ರಿ ಎಲ್ಲಿ ಮಲಗುತ್ತೇವೆ, ಸತ್ತರೆ ಹೊರುವವರು ಯಾರು, ಇದನ್ನು ಹೇಳಲು ಬಂದಿದ್ದೇವೆ.

ನಾವು ಅಂದರೆ ಐದಾರು ಹಳ್ಳಿಗಳ ಹೊಲೆಯರ, ಮಾದಿಗರ ಕೇರಿಗಳಿಂದ ಬಂದವರು. ಗಂಡು ಹುಟ್ಟಿತು ಅಂತ ಸೂಲಗಿತ್ತಿ ಹೇಳಿದರೂ ಹೆಣ್ಣಾಗಿ ಬದುಕುವವರು ಇದ್ದೇವೆ. ಪ್ಯಾಂಟು ಶರಟಿನಲ್ಲೇ ಇದ್ದು ಗಂಡಸಿನ ಮೇಲೆ ಮನಸ್ಸಿಟ್ಟವರು ಇದ್ದೇವೆ. ಇನ್ನೊಂದು ಹೆಣ್ಣನ್ನೇ ಜೀವ ಅಂದುಕೊಂಡ ಹೆಣ್ಣುಮಕ್ಕಳೂ ನಮ್ಮೊಳಗೆ ಇದ್ದಾರೆ. ಅವರು ಇವತ್ತು ಬಂದಿಲ್ಲ. ಯಾಕೆ ಬಂದಿಲ್ಲ ಅನ್ನೋದನ್ನು ಮುಂದೆ ಹೇಳುತ್ತೇವೆ. ಪೇಪರಿನವರು ನಮ್ಮನ್ನು ಲೈಂಗಿಕ ಅಲ್ಪಸಂಖ್ಯಾತರು ಅಂತ ಬರೆಯುತ್ತಾರೆ. ಊರಲ್ಲಿ ಆ ಹೆಸರಿಲ್ಲ. ಊರಲ್ಲಿರುವ ಹೆಸರುಗಳು ನಿಮಗೆ ಗೊತ್ತು. ಒಂಬತ್ತು, ಚಕ್ಕ, ಖೋಜಾ, ಹೆಣ್ಣಿಗ, ಗಂಡುಬೀರಿ. ಈ ಹಾಸ್ಟೆಲಿನ ಬಚ್ಚಲ ಗೋಡೆಯ ಮೇಲೂ ಅದರಲ್ಲಿ ಒಂದು ಬರೆದಿದೆ. ಮುಖ ತೊಳೆಯಲು ಹೋದಾಗ ಓದಿಕೊಂಡೇ ಬಂದೆವು.

ನಮ್ಮ ಸೀಮೆ ರಾಯಚೂರು ಜಿಲ್ಲೆ, ಕೃಷ್ಣಾ ಹೊಳೆಯ ದಂಡೆ. ನಮ್ಮಲ್ಲಿ ಇಬ್ಬರು ನಡುಗಡ್ಡೆಯವರು. ಸುತ್ತ ನೀರು, ನಡುವೆ ಊರು. ಮೇಲೆ ನಾರಾಯಣಪುರ ಡ್ಯಾಮಿನ ಗೇಟು ಎತ್ತಿದರೆಂದರೆ ಹರಿಗೋಲು ನಿಂತಿತು. ಆಗ ಬಸುರಿಗೂ ದಾರಿಯಿಲ್ಲ, ಹಾವು ಕಚ್ಚಿದವನಿಗೂ ದಾರಿಯಿಲ್ಲ. ಉಳಿದ ದಿನ ಹೊಳೆ ದಾಟಬೇಕು, ದಂಡೆಯಿಂದ ನಡೀಬೇಕು, ಟಂಟಂ ಸಿಕ್ಕರೆ ಹತ್ತಬೇಕು, ಆಮೇಲೆ ಬಸ್ಸು. ತಾಲೂಕು ಕಚೇರಿಗೆ ಹೋಗಿ ಬರೋದು ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಊರಿನ ಹೆಸರು ಹೇಳೋದಿಲ್ಲ. ಅಷ್ಟು ಸಣ್ಣ ಊರಲ್ಲಿ ಊರಿನ ಹೆಸರು ಹೇಳಿದರೆ ಮನುಷ್ಯನ ಹೆಸರು ಹೇಳಿದ ಹಾಗೆ.

ಇದನ್ನು ಪಟ್ಟಣದ ಗೆಳೆಯರು ತಿಳಿಯಬೇಕು. ಬೆಂಗಳೂರಿನಲ್ಲಿ ನಮ್ಮಂಥವರಿಗೆ ಕಷ್ಟ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಅಲ್ಲಿ ಒಂದು ಬೀದಿಯಲ್ಲಿ ಬೈಸಿಕೊಂಡರೆ ಇನ್ನೊಂದು ಬೀದಿಗೆ ಹೋಗಬಹುದು. ಯಾರಿಗೂ ಗೊತ್ತಿಲ್ಲದ ಮುಖವಾಗಿ ಬಸ್ಸಿನಲ್ಲಿ ಕೂರಬಹುದು. ನಮ್ಮೂರಲ್ಲಿ ಗೊತ್ತಿಲ್ಲದ ಮುಖ ಅಂತ ಒಂದಿಲ್ಲ. ನಾವು ಯಾವ ಅಂಗಿ ತೊಟ್ಟೆವು, ಯಾರ ಜೊತೆ ಮಾತಾಡಿದೆವು, ಎಷ್ಟು ಹೊತ್ತು ಮಾತಾಡಿದೆವು, ಎಲ್ಲ ಸಂಜೆಯೊಳಗೆ ಕಟ್ಟೆಗೆ ಬಂದು ಕೂತಿರುತ್ತದೆ.

ಬೆಳಗಾಗುವ ಮುಂಚೆಯಿಂದಲೇ ಶುರುಮಾಡುತ್ತೇವೆ. ಚೆಂಬು ಹಿಡಿದು ಹೊರಗೆ ಹೋಗುವುದು. ನಮ್ಮ ಕಡೆ ಗಂಡಸರು ಹೋಗುವ ದಿಕ್ಕು ಬೇರೆ, ಹೆಂಗಸರು ಹೋಗುವ ದಿಕ್ಕು ಬೇರೆ. ನಾವು ಯಾವ ದಿಕ್ಕಿಗೆ ಹೋಗಬೇಕು? ಗಂಡಸರ ಕಡೆ ಹೋದರೆ ಕಲ್ಲು ಬೀಳುತ್ತದೆ, ಇಲ್ಲವೇ ಕೈ ಬೀಳುತ್ತದೆ. ಹೆಂಗಸರ ಕಡೆ ಹೋದರೆ ಪಂಚಾಯಿತಿ ಸೇರುತ್ತದೆ. ಅದಕ್ಕೆ ನಾವು ಮೂರು ಗಂಟೆಗೆ ಎದ್ದು ಹೋಗಿ ಬರುತ್ತೇವೆ. ಸರ್ಕಾರ ಪಾಯಖಾನೆ ಕಟ್ಟಿಸಿದೆ ಅನ್ನುತ್ತೀರಿ. ಕಟ್ಟಿಸಿದೆ. ಅದರಲ್ಲಿ ಹತ್ತಿಕಟ್ಟಿಗೆ ತುಂಬಿಟ್ಟಿದ್ದಾರೆ, ಯಾಕೆಂದರೆ ಅದಕ್ಕೆ ನೀರು ಹೊತ್ತು ಹಾಕುವವರಿಲ್ಲ.

ನೀರಿನ ವಿಚಾರ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಊರ ಬಾವಿಯ ಹತ್ತಿರ ನಿಮ್ಮ ಅವ್ವಂದಿರು ಕೊಡ ದೂರ ಇಟ್ಟು ನಿಂತದ್ದನ್ನು ನೀವು ಕಂಡಿದ್ದೀರಿ, ಇಲ್ಲ ಕೇಳಿದ್ದೀರಿ. ನಮ್ಮ ಕೇರಿಗೆ ಈಗ ಒಂದು ನಲ್ಲಿ ಬಂದಿದೆ. ಊರಿನವರು ನಮ್ಮ ಇಡೀ ಕೇರಿಯನ್ನು ನಿಲ್ಲಿಸಿದ ಹಾಗೆ, ಕೇರಿಯ ನಲ್ಲಿಯಲ್ಲಿ ನಮ್ಮನ್ನು ಕೊನೆಗೆ ನಿಲ್ಲಿಸುತ್ತಾರೆ. ‘ಮುಂಜಾನೆ ಎದ್ದು ನಿನ್ನ ಮುಖ ನೋಡಿದ್ರ ಕೂಲಿ ಸಿಗಂಗಿಲ್ಲ’ ಅಂತ ನಮ್ಮ ಸ್ವಂತ ಚಿಕ್ಕವ್ವನೇ ಅನ್ನುತ್ತಾಳೆ. ಗೌಡರ ಮನೆಯವರು ಅವಳಿಗೆ ಇದೇ ಮಾತನ್ನು ಅನ್ನುತ್ತಾರೆ. ಅಲ್ಲಿ ಅನ್ನಿಸಿಕೊಂಡದ್ದನ್ನು ಇಲ್ಲಿ ತಂದು ನಮ್ಮ ಮೇಲೆ ಇಳಿಸುತ್ತಾಳೆ. ಊರಿಗೆ ನಾವು ಕೇರಿಯವರು. ಕೇರಿಗೆ ನಾವು ಯಾರು?

ಕೂಲಿಗೆ ಬನ್ನಿ. ಹತ್ತಿ ಬಿಡಿಸುವ ಸಾಲಿನಲ್ಲಿ ಹೆಂಗಸರು, ಚೀಲ ತುಂಬಿ ಹೊರುವುದಕ್ಕೆ ಗಂಡಸರು. ಗಂಡಾಳಿನ ಕೂಲಿ ಒಂದು, ಹೆಣ್ಣಾಳಿನ ಕೂಲಿ ಒಂದು. ನಮ್ಮನ್ನು ಕಂಡರೆ ಹೊಲದವನಿಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ. ಚೀಲ ಹೊರಿಸುವಾಗ ನಾವು ಗಂಡಸರು. ಸಂಜೆ ಕೂಲಿ ಕೊಡುವಾಗ ‘ನೀ ಹೆಣ್ಣಾಳಲ್ಲೇನೋ’ ಅಂತ ನಕ್ಕು ಹೆಣ್ಣಾಳಿನ ಕೂಲಿ ಎಣಿಸುತ್ತಾನೆ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಗಂಡು ಹೆಣ್ಣು ಎಲ್ಲರಿಗೂ ಒಂದೇ ಕೂಲಿ ಅಂತ ಬರೆದರು. ನಮಗೆ ಆದ ಮೊದಲ ಸಂತೋಷ ಅದು. ಸಂಬಳ ಹೆಚ್ಚು ಸಿಕ್ಕಿತು ಅಂತಲ್ಲ, ‘ನೀ ಯಾವ ಆಳು’ ಅಂತ ಕೇಳುವ ಬಾಯಿ ಆ ಕೆಲಸದ ಮಟ್ಟಿಗಾದರೂ ಮುಚ್ಚಿತು. ಆದರೆ ಕೆಲಸ ವರ್ಷವೆಲ್ಲ ಇರಲಿಲ್ಲ. ಉಳಿದ ತಿಂಗಳು ಗುಳೆ.

ಗುಳೆ ಹೋದಲ್ಲಿ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಸಂಸಾರದವರಿಗೆ ಒಂದೊಂದು ಗೂಡು, ಒಂಟಿ ಗಂಡಸರಿಗೆಲ್ಲ ಸೇರಿ ಒಂದು. ಆ ಒಂದರಲ್ಲಿ ನಮ್ಮನ್ನು ಮಲಗಿಸುತ್ತಾರೆ. ಅಲ್ಲಿ ರಾತ್ರಿ ಏನಾಗುತ್ತದೆ ಅನ್ನೋದನ್ನು ಈ ಸಭೆಯಲ್ಲಿ ಬಿಡಿಸಿ ಹೇಳುವುದಿಲ್ಲ. ನಿಮಗೆ ಅರ್ಥವಾಗುತ್ತದೆ. ಬೆಳಿಗ್ಗೆ ಮೇಸ್ತ್ರಿಗೆ ಹೇಳಿದರೆ ‘ನಿನಗ ಅದೇ ಬೇಕಾಗಿತ್ತಲ್ಲ’ ಅನ್ನುತ್ತಾನೆ.

ಊರಿನಲ್ಲೂ ಅಷ್ಟೆ. ಹಗಲು ಹೊತ್ತು ನಮ್ಮ ನೆರಳು ಬಿದ್ದರೆ ಮೈಲಿಗೆ ಅನ್ನುವ ಮನೆತನಗಳ ಮಕ್ಕಳಿಗೆ ಕತ್ತಲಾದ ಮೇಲೆ ಮೈಲಿಗೆ ಇಲ್ಲ. ಇದು ನಮ್ಮ ಅವ್ವಂದಿರ, ಅಕ್ಕಂದಿರ ಮೇಲೆ ಆಗುತ್ತ ಬಂದದ್ದೇ. ನಮ್ಮ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಅಕ್ಕನ ಮೇಲೆ ಕೈ ಹಾಕಿದರೆ ಕೇರಿ, ಹೆದರಿಕೊಂಡಾದರೂ, ಒಂದು ಮಾತು ಆಡುತ್ತದೆ. ನಮ್ಮ ಮೇಲೆ ಹಾಕಿದರೆ ಕೇರಿಯೂ ನಗುತ್ತದೆ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇವೆ, ಕಾನೂನು ಓದುವ ಹುಡುಗರು ಬರೆದುಕೊಳ್ಳಿ. 1989ರ ದೌರ್ಜನ್ಯ ತಡೆ ಕಾಯ್ದೆ ನಮಗೂ ಅನ್ವಯಿಸುತ್ತದೆ. ಪರಿಶಿಷ್ಟ ಜಾತಿಯವರು ಅಂದಾಗ ಅದರಲ್ಲಿ ಸೀರೆ ಉಟ್ಟ ನಾವೂ ಇದ್ದೇವೆ. ಠಾಣೆಯವರಿಗೆ ಇದು ಹೊಳೆಯುವುದೇ ಇಲ್ಲ. ನಮ್ಮನ್ನು ಕಂಡ ತಕ್ಷಣ ಅವರ ಕಣ್ಣಿಗೆ ಬೀಳುವುದು ಸೀರೆ, ಜಾತಿ ಪ್ರಮಾಣಪತ್ರ ಅಲ್ಲ. ಹೊಡೆದವನಿಗೆ ಮಾತ್ರ ಎರಡೂ ಚೆನ್ನಾಗಿ ಗೊತ್ತಿರುತ್ತದೆ. ಇನ್ನು 2019ರಲ್ಲಿ ನಮ್ಮ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ಮಾಡಿದರು. ಅದರಲ್ಲಿ ನಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಬರೆದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನಿಗೆ 2018ರ ತಿದ್ದುಪಡಿಯಲ್ಲಿ ಬರೆದದ್ದು ಕನಿಷ್ಠ ಹತ್ತು ವರ್ಷ. ಕೂಲಿಯ ಲೆಕ್ಕ ಹೇಳಿದೆವಲ್ಲ, ಹೊಲದವನು ಸಂಜೆ ಎಣಿಸುವ ಕೂಲಿ? ಹಾಗೇ ಇದೂ.

ಈಗ ಬಾರದೇ ಇರುವವರ ಬಗ್ಗೆ. ನಮ್ಮಲ್ಲಿ ಇಬ್ಬರು ಹೆಣ್ಣುಮಕ್ಕಳು ಜೊತೆಗೇ ಹತ್ತಿ ಬಿಡಿಸಿ, ಜೊತೆಗೇ ಬುತ್ತಿ ಉಂಡು, ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಗೆಳತಿಯರು ಅಂದರು. ಊರಿಗೆ ಹೆಣ್ಣಿನ ಮನಸ್ಸು ಕಾಣುವುದಿಲ್ಲವಾದ್ದರಿಂದ ಅಷ್ಟು ದಿನ ಅವರಿಗೆ ನೆರಳು ಸಿಕ್ಕಿತು. ಒಬ್ಬಳಿಗೆ ಗಂಡು ನೋಡಿದ ದಿನ ಆ ನೆರಳು ಹೋಯಿತು. ‘ಒಲ್ಲೆ’ ಅಂದಳು. ಯಾಕೆ ಒಲ್ಲೆ ಅಂತ ಕೇಳಿದರೆ ಹೇಳುವುದಕ್ಕೆ ಅವಳ ಹತ್ತಿರ ಒಂದು ಶಬ್ದವೂ ಇರಲಿಲ್ಲ. ದೆವ್ವ ಬಡಿದಿದೆ ಅಂತ ದರ್ಗಾಕ್ಕೆ ಒಯ್ದರು, ಗುಡಿಗೆ ಒಯ್ದರು, ಬೇವಿನ ಬರಲಿನಿಂದ ಹೊಡೆಸಿದರು. ಈಗ ಅವಳು ಎರಡು ಮಕ್ಕಳ ತಾಯಿ, ಇನ್ನೊಂದು ತಾಲೂಕಿನಲ್ಲಿ. ಉಳಿದವಳು ಒಬ್ಬಳೇ ಹೊಲಕ್ಕೆ ಹೋಗುತ್ತಾಳೆ. ‘ಸಭೆಗೆ ಬಾ’ ಅಂದೆವು. ‘ನನಗ ಬಸ್ಸಿನ ರೊಕ್ಕ ಯಾರು ಕೊಡ್ತಾರ, ಎಲ್ಲಿಗೆ ಹೊಂಟಿ ಅಂದ್ರ ಏನಂತ ಹೇಳ್ಲಿ?’ ಅಂದಳು. ಬಸ್ಸಿಗೆ ರೊಕ್ಕ ಬೇಡ, ಹೆಂಗಸರಿಗೆ ಪುಕ್ಕಟೆ ಮಾಡ್ಯಾರ ಅಂತ ಹೇಳಿದೆವು. ಎರಡನೇ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಪುಕ್ಕಟೆ ಬಸ್ಸಿನ ಮಾತು ಬಂತು, ಅದನ್ನೂ ಕೇಳಿಬಿಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹೆಂಗಸರ ಜೊತೆ ನಮ್ಮನ್ನೂ ಸೇರಿಸಿದರು. ಸಂತೋಷ. ಸೀರೆ ಉಟ್ಟು ಬಸ್ಸು ಹತ್ತುತ್ತೇವೆ. ಕಂಡಕ್ಟರು ಆಧಾರ್ ಕಾರ್ಡು ನೋಡುತ್ತಾನೆ. ಕಾರ್ಡಿನಲ್ಲಿ ಮೀಸೆ ಬಿಟ್ಟ ಫೋಟೋ, ಕೆಳಗೆ ‘ಪುರುಷ’. ಇಡೀ ಬಸ್ಸು ತಿರುಗಿ ನೋಡುತ್ತದೆ. ಕಾರ್ಡು ತಿದ್ದಿಸಬೇಕಾದರೆ ಗುರುತಿನ ಪತ್ರ ಬೇಕು. 2019ರ ಕಾಯ್ದೆ ಆ ಪತ್ರ ಕೊಡುವ ಅಧಿಕಾರವನ್ನು ಇಟ್ಟದ್ದು ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಯಲ್ಲಿ. ಹೊಳೆ, ನಡಿಗೆ, ಟಂಟಂ, ಬಸ್ಸು, ಅದರ ಮೇಲೆ ಇನ್ನೊಂದು ಬಸ್ಸು. ಕಂಪ್ಯೂಟರಿನಲ್ಲಿ ಅರ್ಜಿ ಹಾಕಬಹುದು ಅಂತ ಓದಿದವರು ಹೇಳುತ್ತಾರೆ. ಹಾಕಬಹುದು. ಆ ಕಂಪ್ಯೂಟರು ಇರುವುದು ಪಂಚಾಯಿತಿಯಲ್ಲಿ, ಅದರ ಮುಂದೆ ಕೂತಿರುವವನು ನಮ್ಮೂರಿನವನೇ. ನಮ್ಮ ಅರ್ಜಿ ರಾಜಧಾನಿಗೆ ಮುಟ್ಟುವ ಮುಂಚೆ ಕಟ್ಟೆಗೆ ಮುಟ್ಟುತ್ತದೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಅಂತ ಒಂದು ಕಲಂ ಮಾಡಿದರು. ಇಡೀ ದೇಶದಲ್ಲಿ ಸಿಕ್ಕವರು ಸುಮಾರು 4 ಲಕ್ಷ 88 ಸಾವಿರ. ನಮ್ಮ ಮನೆಗೂ ಮಾಸ್ತರು ಬಂದಿದ್ದರು. ಕೇಳಿದ್ದು ಅಪ್ಪನನ್ನು. ಅಪ್ಪ ಹೇಳಿದ್ದು ‘ಗಂಡುಮಕ್ಕಳು ಮೂರು’. ಆ ಮೂರರಲ್ಲಿ ಒಬ್ಬರು ನಾವು, ಒಳಗೆ ರೊಟ್ಟಿ ಬಡಿಯುತ್ತ ಕೂತಿದ್ದೆವು.

ಗೆಳೆಯರೇ, ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇವೆ. ಸ್ವಲ್ಪ ಗಂಟಲಿಗೆ ಸಿಕ್ಕಿಕೊಳ್ಳುವ ಮಾತು.

ಇಷ್ಟು ದೂರದ ಊರುಗಳಲ್ಲಿ ನಮ್ಮಂಥವರಿಗೆ ಯಾವ ಬಾಗಿಲೂ ಇಲ್ಲ ಅಂತ ತಿಳಿಯಬೇಡಿ. ಒಂದು ಬಾಗಿಲು ಇದೆ. ಅದು ಎಲ್ಲಮ್ಮನ ಬಾಗಿಲು. ಹುಡುಗ ಹೆಣ್ಣಿನ ಹಾಗೆ ನಡೆಯುತ್ತಾನೆ, ಅಕ್ಕನ ಬಳೆ ತೊಡುತ್ತಾನೆ ಅಂದರೆ ಮೊದಲು ಹೊಡೆಯುತ್ತಾರೆ. ಆಮೇಲೆ ಯಾರೋ ಹೇಳುತ್ತಾರೆ, ‘ಅವಗ ದೇವಿ ಕಾಡ್ಯಾಳ, ಬಿಟ್ಟುಬಿಡ್ರಿ’ ಅಂತ. ಸವದತ್ತಿಗೋ ಹುಲಿಗಿಗೋ ಒಯ್ದು ಮುತ್ತು ಕಟ್ಟಿಸುತ್ತಾರೆ. ಅಲ್ಲಿಂದ ಅವನು ಅವಳಾಗುತ್ತಾಳೆ, ಜೋಗಪ್ಪ ಆಗುತ್ತಾಳೆ. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ, ಬಗಲಲ್ಲಿ ಪಡ್ಡಲಿಗೆ. ಮಂಗಳವಾರ, ಶುಕ್ರವಾರ ಜೋಗ ಬೇಡುವುದು. ಸೀರೆ ಉಡಬಹುದು, ಕೂದಲು ಬಿಡಬಹುದು. ಹೊಡೆಯುತ್ತಿದ್ದ ಅಪ್ಪನೇ ಕಾಲಿಗೆ ಬೀಳುತ್ತಾನೆ. ಗೌಡರ ಹೆಂಡತಿ ಮೊರದಲ್ಲಿ ಜೋಳ ತಂದು ಹಾಕುತ್ತಾಳೆ, ಆದರೆ ಹೊಸ್ತಿಲ ಆಚೆಯಿಂದ. ದೇವಿ ಮೈಮೇಲೆ ಬಂದರೂ ಜಾತಿ ಮೈಬಿಟ್ಟು ಹೋಗುವುದಿಲ್ಲ.

ಮುತ್ತು ಎಂಥ ಬಲೆ ಅಂತ ನಮ್ಮ ಚಳವಳಿಗೆ ಗೊತ್ತು. ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಮಾಡಿದ್ದು ಅದೇ ಮುತ್ತು. 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಆಯಿತು, ಅದು ಬೇಕಿತ್ತು. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಲು ಹೋದ ನಮ್ಮ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು. ಆ ಹೋರಾಟದ ಬಗ್ಗೆ ನಮಗೆ ಹೆಮ್ಮೆ ಇದೆ. ದೇವರ ಹೆಸರಿನಲ್ಲಿ ದಲಿತರ ಮೈಯನ್ನು ಊರಿನ ಆಸ್ತಿ ಮಾಡುವುದನ್ನು ನಾವು ಒಪ್ಪುವುದಿಲ್ಲ.

ಆದರೆ ಕೇಳಬೇಕಾದ್ದನ್ನು ಕೇಳುತ್ತೇವೆ. ಮುತ್ತು ಹರಿಯಿರಿ ಅಂದಿರಿ. ಹರಿದ ಮೇಲೆ ಆ ಹುಡುಗ ಎಲ್ಲಿಗೆ ಹೋಗಬೇಕು? ದೇವದಾಸಿ ಅಕ್ಕಂದಿರಿಗೆ ಪುನರ್ವಸತಿ, ಸಾಲ, ಮನೆ ಅಂತ ಅಲ್ಪಸ್ವಲ್ಪವಾದರೂ ಕೇಳಿದಿರಿ. ಜೋಗಪ್ಪನಿಗೆ ಏನು ಕೇಳಿದಿರಿ? ಊರು ಅವನನ್ನು ಮನುಷ್ಯ ಅಂತ ಒಪ್ಪಲಿಲ್ಲ, ದೇವಿ ಅಂತ ಒಪ್ಪಿತು. ಎರಡರ ನಡುವೆ ಜಾಗ ಇರಲಿಲ್ಲ. ಆ ನಡುವಿನ ಜಾಗ ಮಾಡಿಕೊಡುವುದು ಯಾರ ಕೆಲಸ? ಗೌಡನ ಕೆಲಸವೇ, ಪೂಜಾರಿಯ ಕೆಲಸವೇ?

ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಬಳ್ಳಾರಿ ಸೀಮೆಯ ಹಳ್ಳಿಯಿಂದ ಎದ್ದು ಬಂದ ಹಿರಿಯರು, ನಮಗೆಲ್ಲ ಅಭಿಮಾನ. ಅವರ ಫೋಟೋ ಪೇಪರಿನಲ್ಲಿ ಬಂದ ವಾರ ನಮ್ಮನ್ನು ಊರಲ್ಲಿ ಯಾರೂ ಬೈಯಲಿಲ್ಲ. ಮುಂದಿನ ವಾರ ಬೈದರು. ಒಬ್ಬರಿಗೆ ಸನ್ಮಾನ ಮಾಡಿ ಉಳಿದವರನ್ನು ಮರೆಯುವ ಆಟ ದಲಿತರಿಗೆ ಚೆನ್ನಾಗಿ ಗೊತ್ತಿರುವ ಆಟ.

ಸರ್ಕಾರಗಳು ನಮ್ಮನ್ನು ಹಿಂದಿನಿಂದಲೂ ನೋಡುತ್ತ ಬಂದದ್ದು ಕಳ್ಳರನ್ನು ನೋಡಿದ ಹಾಗೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದರು. ಹುಟ್ಟಿನಿಂದಲೇ ಕಳ್ಳರು ಅಂತ ಎಷ್ಟೋ ಅಲೆಮಾರಿ ಜಾತಿಗಳನ್ನು ಪಟ್ಟಿ ಮಾಡಿದ ಕಾಯ್ದೆ ಅದು, ನಿಮಗೆ ಗೊತ್ತಿದೆ. ಅದರ ಎರಡನೇ ಭಾಗ ಪೂರಾ ಹಿಜಡಾಗಳ ಮೇಲೆ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ. 1919ರಲ್ಲಿ ನಿಜಾಮನ ಸರ್ಕಾರವೂ ಅಂಥದೇ ಒಂದು ಮಾಡಿತು. ಆಗ ನಮ್ಮ ರಾಯಚೂರು, ಗುಲಬರ್ಗಾ, ಬೀದರ ಎಲ್ಲ ನಿಜಾಮನ ಕೆಳಗೆ. ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ಆ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟು ತೆಗೆದುಹಾಕಿದ್ದು 2023ರಲ್ಲಿ. ನಮ್ಮ ಕರ್ನಾಟಕ ಏನು ಕಡಿಮೆ? 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಂ ಸೇರಿಸಿ, ಮತ್ತೆ ಅದೇ ರಿಜಿಸ್ಟರಿನ ಮಾತು ಬರೆದರು. ಕೋರ್ಟಿಗೆ ಹೋದ ಮೇಲೆ ‘ಹಿಜಡಾ’ ಅನ್ನುವ ಅರ್ಥದ ಶಬ್ದ ತೆಗೆದು ‘ವ್ಯಕ್ತಿಗಳು’ ಅಂತ ಹಾಕಿದರು.

ಗೆದ್ದದ್ದೂ ಇದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾವು ಗಂಡೋ ಹೆಣ್ಣೋ ಮೂರನೆಯವರೋ ಅನ್ನೋದನ್ನು ನಾವೇ ಹೇಳಬೇಕು ಅಂದಿತು, ಓದಿನಲ್ಲೂ ನೌಕರಿಯಲ್ಲೂ ಮೀಸಲಾತಿ ಕೊಡಿ ಅಂದಿತು. 2018ರ ಸೆಪ್ಟೆಂಬರ್ 6ರಂದು, 1860ರ ಕಾಲದ 377ನೇ ಕಲಂ ವಯಸ್ಕರ ಒಪ್ಪಿತ ಪ್ರೀತಿಗೆ ಅನ್ವಯಿಸದು ಅಂತ ತೀರ್ಪಾಯಿತು. 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕು ಕೇಳಿದಾಗ ಮಾತ್ರ ಕೋರ್ಟು ಇಲ್ಲ ಅಂದಿತು.

2018ರ ಆ ತೀರ್ಪಿನಲ್ಲಿ ಒಂದು ವಿಶೇಷ ಇದೆ. ಬಹುಮಂದಿಯ ನೀತಿಗಿಂತ ಸಂವಿಧಾನದ ನೀತಿ ದೊಡ್ಡದು ಅಂತ ನ್ಯಾಯಾಧೀಶರು ಹೇಳಿದರು. ಆ ಮಾತಿಗೆ ಅವರು ಆಧಾರ ಮಾಡಿಕೊಂಡದ್ದು ಬಾಬಾಸಾಹೇಬರನ್ನು, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಆಡಿದ ಭಾಷಣವನ್ನು. ಅದೇ ಭಾಷಣದಲ್ಲೇ ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳುವವರಿಗೂ ಉತ್ತರ ಕೊಟ್ಟಿದ್ದಾರೆ, ಅದು ಅಜ್ಞಾನದ, ಸಂಕುಚಿತ ಬುದ್ಧಿಯ, ಕೋಮುಭಾವನೆಯ ಗೂಡು ಅಂತ. ಒಂದೇ ದಿನ, ಒಂದೇ ಬಾಯಿಂದ ಎರಡು ಮಾತು. ನಮ್ಮ ಊರಿನ ಸ್ಥಿತಿ ಒಂದು ಮಾತಿನಲ್ಲಿದೆ, ನಮ್ಮ ಬಿಡುಗಡೆ ಇನ್ನೊಂದು ಮಾತಿನಲ್ಲಿದೆ. ‘ಅಂಬೇಡ್ಕರ್ ಚಳವಳಿಗೂ ಇವರಿಗೂ ಏನು ಸಂಬಂಧ’ ಅಂತ ಕೇಳುವ ಗೆಳೆಯರು ಆ ಭಾಷಣ ಪೂರ್ತಿ ಓದಲಿ.

ಕರ್ನಾಟಕ ಸರ್ಕಾರ 2021ರ ಜುಲೈಯಲ್ಲಿ ಸರ್ಕಾರಿ ನೌಕರಿಯಲ್ಲಿ ನಮಗೆ ಶೇಕಡಾ 1ರ ಮೀಸಲಾತಿ ತಂದಿತು. ದೇಶದಲ್ಲಿ ಮೊದಲು. ಅದೂ ಸಮತಳ ಮೀಸಲಾತಿ. ಅಂದರೆ ಪರಿಶಿಷ್ಟ ಜಾತಿಯ ಪಾಲಿನೊಳಗೇ ನಮಗೆ ಒಂದು ಜಾಗ. ದಲಿತ ಅನ್ನೋದನ್ನು ಬಿಟ್ಟು ಬಾ ಅಂತ ನಮಗೆ ಹೇಳುವುದಿಲ್ಲ. ತಮಿಳುನಾಡಿನಲ್ಲಿ ಗ್ರೇಸ್ ಬಾನು ಅವರಂಥ ದಲಿತ ಸಂಗಾತಿ ಹೋರಾಡುತ್ತ ಬಂದದ್ದು ಈ ಬಗೆಯ ಮೀಸಲಾತಿಗೇ. ಸರಿ, ಬಂತು. ನೌಕರಿಗೆ ಅರ್ಜಿ ಹಾಕಬೇಕಾದರೆ ಏನು ಬೇಕು? ಎಸ್ಸೆಸ್ಸೆಲ್ಸಿ ಬೇಕು, ಪಿಯುಸಿ ಬೇಕು, ಡಿಗ್ರಿ ಬೇಕು. ನಾವು ಇಲ್ಲಿಗೆ ಬಂದವರು ಏಳು ಮಂದಿ. ಎಸ್ಸೆಸ್ಸೆಲ್ಸಿ ದಾಟಿದವರು ಒಬ್ಬರು.

ಉಳಿದ ಆರರಲ್ಲಿ ನಾಲ್ಕು ಮಂದಿ ಓದು ಬಿಟ್ಟದ್ದು ಎಲ್ಲಿ ಅಂತ ಕೇಳುತ್ತೀರಾ? ಹಾಸ್ಟೆಲಿನಲ್ಲಿ. ಊರಿನಲ್ಲಿ ಅಲ್ಲ. ಗೌಡ ಬಿಡಿಸಲಿಲ್ಲ, ಪೂಜಾರಿ ಬಿಡಿಸಲಿಲ್ಲ.

ಹೊಳೆ ದಾಟಿ, ತಗಡಿನ ಟ್ರಂಕು ಹೊತ್ತು, ಅವ್ವನ ಕಿವಿಯ ಬೆಂಡೋಲೆ ಒತ್ತೆ ಇಟ್ಟ ದುಡ್ಡಿನಲ್ಲಿ ಬಂದ ಹುಡುಗರು. ನಮ್ಮ ಜನಕ್ಕೆ ಹಾಸ್ಟೆಲು ಅಂದರೆ ಏನು ಅಂತ ನಿಮಗೆ ನಾವು ಹೇಳಬೇಕೇ? ಹೆಂಡದಂಗಡಿ ಬೇಡ, ಶಾಲೆ ಕೊಡಿ ಅಂತ ಬೀದಿಗಿಳಿದ ಚಳವಳಿ ನಮ್ಮದು. ಆ ಚಳವಳಿ ಬೆಳೆದದ್ದೇ ಹಾಸ್ಟೆಲುಗಳಲ್ಲಿ. ಊರಲ್ಲಿ ಚಹಾದ ಲೋಟ ಬೇರೆ ಇಡುವವರಿಂದ ತಪ್ಪಿಸಿಕೊಂಡು ಬಂದು, ಇಲ್ಲಿ ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು ಉಂಡ ಮೊದಲ ದಿನ ನಿಮಗೆ ನೆನಪಿರಬೇಕು. ಆ ಹುಡುಗನೂ ಹಾಗೇ ಕೂತ. ಮೂರನೇ ದಿನ ಯಾರೋ ಅವನ ನಡಿಗೆ ಅಣಕಿಸಿದರು. ವಾರದೊಳಗೆ ಅವನಿಗೆ ಒಂದು ಹೆಣ್ಣು ಹೆಸರು ಇಟ್ಟರು. ಸ್ನಾನಕ್ಕೆ ಹೋದಾಗ ಬಟ್ಟೆ ಎತ್ತಿಕೊಂಡು ಹೋದರು. ಅವನ ತಟ್ಟೆಯನ್ನು ಬೇರೆ ಇಟ್ಟರು, ಗೆಳೆಯರೇ, ತಟ್ಟೆಯನ್ನು ಬೇರೆ ಇಟ್ಟರು! ರಾತ್ರಿ ದೀಪ ಆರಿದ ಮೇಲೆ ಅವನ ಚಾಪೆಯ ಹತ್ತಿರ ಬಂದವರು ಹಗಲು ಅಣಕಿಸಿದವರೇ. ವಾರ್ಡನ್ನರಿಗೆ ಹೇಳಿದರೆ ‘ನೀನು ಗಂಡಸಿನ ಹಾಗೆ ನಡೆ, ಸರಿಹೋಗುತ್ತೆ’ ಅಂದರು. ಅವನು ಟ್ರಂಕು ಎತ್ತಿಕೊಂಡು ಊರಿಗೆ ಹೋದ. ಊರಲ್ಲಿ ಇದ್ದ ಒಂದೇ ಬಾಗಿಲು ನಿಮಗೆ ಆಗಲೇ ಹೇಳಿದ್ದೇವೆ.

ಮುತ್ತು ಕಟ್ಟುವುದು ಸವದತ್ತಿಯ ಗುಡ್ಡದ ಮೇಲೆ ಅಂತ ನೀವು ತಿಳಿದಿದ್ದೀರಿ. ಅದರ ದಾರ ಹೊಸೆಯುವುದು ಇಲ್ಲೂ ನಡೆಯುತ್ತದೆ.

ಫೋನಿನ ಬಗ್ಗೆ ಒಬ್ಬ ತಮ್ಮ ಬರುವಾಗ ಕೇಳಿದ, ‘ಈಗ ಎಲ್ಲರ ಹತ್ತಿರ ಮೊಬೈಲ್ ಇದೆಯಲ್ಲ ಅಕ್ಕ, ನಿಮ್ಮವರು ಸಿಗುವುದಿಲ್ಲವೇ’ ಅಂತ. ಅಕ್ಕ ಅಂದನಲ್ಲ, ಅದಕ್ಕೇ ಅವನಿಗೆ ಉತ್ತರ ಹೇಳುತ್ತೇವೆ. ನಮ್ಮೂರಲ್ಲಿ ಟವರ್ ಸಿಗುವುದು ಊರ ಹೊರಗಿನ ಬಂಡೆಯ ಮೇಲೆ. ಮನೆಗೆ ಒಂದೇ ಫೋನು, ಅಣ್ಣನ ಕೈಯಲ್ಲಿ. ಅವನು ಮಲಗಿದ ಮೇಲೆ ಎತ್ತಿಕೊಂಡು ಬಂಡೆ ಹತ್ತಬೇಕು. ನಮ್ಮಂಥವರು ಎಷ್ಟು ದೂರದಲ್ಲಿದ್ದಾರೆ ಅಂತ ಫೋನು ತೋರಿಸುತ್ತದೆ: ಅರವತ್ತು ಕಿಲೋಮೀಟರು, ಎಂಬತ್ತು ಕಿಲೋಮೀಟರು. ಹಾಗೆ ನಂಬಿ ಹೋದವರನ್ನು ಬಡಿದು, ಫೋನು ರೊಕ್ಕ ಕಿತ್ತುಕೊಂಡು, ‘ನಿಮ್ಮಪ್ಪಗ ಹೇಳ್ತೀವಿ’ ಅಂತ ಹೆದರಿಸಿ ಕಳಿಸಿದ್ದಾರೆ. ಆದರೂ ಹತ್ತುತ್ತೇವೆ. ದೂರದಲ್ಲಿ ಇನ್ನೊಬ್ಬರು ಎಚ್ಚರ ಇದ್ದಾರೆ ಅಂತ ಗೊತ್ತಾದರೆ ಅಷ್ಟು ಸಾಕು, ಇಳಿದು ಬಂದು ಮಲಗುತ್ತೇವೆ.

ಸತ್ತರೆ ಹೊರುವವರು ಯಾರು ಅಂತ ಮೊದಲು ಹೇಳಿದೆವಲ್ಲ. ಹಿಂದಿನ ಮಳೆಗಾಲದಲ್ಲಿ ನಮ್ಮ ಹಿರಿಯ ಜೋಗಪ್ಪ ಒಬ್ಬಳು ತೀರಿಕೊಂಡಳು. ಅಣ್ಣತಮ್ಮಂದಿರು ಬಂದು ಸೀರೆ ಬಿಚ್ಚಿ, ಪಂಚೆ ಉಡಿಸಿ, ಗಂಡಸಿನ ಹೆಸರು ಕೂಗಿ ಮಣ್ಣು ಮಾಡಿದರು. ನಲವತ್ತು ವರ್ಷ ಅವಳು ಆ ಹೆಸರಿಗೆ ಓ ಅಂದವಳಲ್ಲ. ನಾವು ಮೂವರು ದೂರ ನಿಂತಿದ್ದೆವು.

ನಿಮ್ಮಿಂದ ನಾವು ಏನು ಕೇಳುತ್ತೇವೆ? ದೊಡ್ಡದೇನೂ ಇಲ್ಲ. ನಿಮ್ಮ ಹಾಸ್ಟೆಲಿನ ವಿದ್ಯಾರ್ಥಿ ಸಂಘದವರು ಕೂತು ಒಂದು ನಿರ್ಣಯ ಬರೆಯಿರಿ. ಬಚ್ಚಲಿಗೆ ಚಿಲಕ ಬೇಕು ಅಂತ ಇಲಾಖೆಗೆ ಅರ್ಜಿ ಕೊಡಿ, ಅದು ನಿಮಗೂ ಬೇಕಾದದ್ದೇ. ಗೋಡೆಯ ಮೇಲೆ ಬರೆದದ್ದನ್ನು ಒರೆಸಿ, ಬರೆದವನಿಂದಲೇ ಒರೆಸಿ. ಹೊಸ ಹುಡುಗನನ್ನು ರೇಗಿಸಿದರೆ ಜಾತಿ ಹಿಡಿದು ಬೈದವನಿಗೆ ಏನು ಮಾಡುತ್ತೀರೋ ಅದನ್ನೇ ಮಾಡಿ. ಹೆಣ್ಣುಮಕ್ಕಳ ಹಾಸ್ಟೆಲಿನ ತಂಗಿಯರೇ, ಒಬ್ಬಳು ‘ಮದುವೆ ಒಲ್ಲೆ’ ಅಂದರೆ ಕಾರಣ ಕೇಳಿ ಪೀಡಿಸಬೇಡಿ, ಡಿಗ್ರಿ ಮುಗಿಯುವ ತನಕ ಅವಳ ಬೆನ್ನಿಗೆ ನಿಲ್ಲಿ.

ನಮ್ಮೂರಲ್ಲಿ ಒಬ್ಬ ಹುಡುಗ ಇದ್ದಾನೆ, ಈಗ ಏಳನೇ ಇಯತ್ತೆ. ಅಕ್ಕನ ರಿಬ್ಬನ್ನು ಕದ್ದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾನೆ. ಅವನವ್ವ ಹೆದರಿ ನಮ್ಮ ಹತ್ತಿರ ಬಂದಿದ್ದಳು, ‘ಯವ್ವಾ, ಇವಗ ಹುಲಿಗಿಗೆ ಕರ್ಕೊಂಡು ಹೋಗಬೇಕೇನು?’ ಅಂತ. ಬೇಡ, ಹಾಸ್ಟೆಲಿಗೆ ಕಳಿಸು ಅಂತ ನಾವೇ ಹೇಳಿದ್ದೇವೆ. ಜೂನ್‌ನಲ್ಲಿ ಅರ್ಜಿ ಹಾಕಿಸುತ್ತೇವೆ. ಈ ಹಾಸ್ಟೆಲೋ ಪಕ್ಕದ ತಾಲೂಕಿನದೋ, ಯಾವುದು ಸಿಗುತ್ತದೋ ಗೊತ್ತಿಲ್ಲ. ಬಂದ ದಿನವೇ ನಿಮಗೆ ಗುರುತು ಸಿಗುತ್ತದೆ. ಲೆಕ್ಕದಲ್ಲಿ ಚುರುಕು ಇದ್ದಾನೆ, ಇಂಗ್ಲಿಷಿಗೆ ಯಾರಾದರೂ ಸ್ವಲ್ಪ ಕೂತು ಹೇಳಿಕೊಡಬೇಕು.

ಜೈ ಭೀಮ್.